ಬಡಿದ ಬಾಗಿಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಪ್ಪು ಯಾರದೆಂದು ತೀರ್ಮಾನವಾಗದೆ ಮುಂದಿನ ಕೆಲಸಕ್ಕೆ ಕೈ ಹಾಕುವುದು ಅನ್ಯಾಯವಲ್ಲವೇ?"

ಗುರುಗಳು ಹೇಳಿದರು:

ಇರಾನ್ ದೇಶದ ಒಂದು ಊರಿನಲ್ಲಿ ರೊಟ್ಟಿ ಸುಟ್ಟು ಮಾರುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ. ಜನ ದೊರೆಯ ವಿರುದ್ಧ ತಿರುಗಿಬಿದ್ದ ಕಾಲ ಅದು. ಸಂಜೆಯಾದರೆ ಬಂಡಾಯದವರು ಮಾಳಿಗೆ ಹತ್ತಿ ತಟ್ಟೆ ಬಡಿಯುತ್ತಿದ್ದರು, ಬೀದಿಯಲ್ಲಿ ಬಾಗಿಲು ಗುದ್ದುತ್ತಿದ್ದರು. ಅದೇ ಅವರ ಘೋಷಣೆ.

ಒಂದು ಸಂಜೆ ನಾಟಕಶಾಲೆಗೆ ಬೆಂಕಿ ಬಿತ್ತು. ಟಿಕೆಟ್ಟಿಲ್ಲದವರು ನುಗ್ಗುತ್ತಾರೆಂದು, ಆಟ ಶುರುವಾದ ಮೇಲೆ ಹೊರಗಿನಿಂದ ಅಗುಳಿ ಹಾಕುವುದು ಅಲ್ಲಿಯ ರೂಢಿ. ಒಳಗಿದ್ದವರು ಬಾಗಿಲು ಬಡಿದರು. ಅದು ತೆರೆಯುವ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಹೆಂಗಸಿನ ಮಗನೂ ಒಳಗಿದ್ದ.

ಬೆಂಕಿ ಇಟ್ಟವರು ಬಂಡಾಯದವರು ಎಂದಿತು ಅರಮನೆ. ಇಟ್ಟದ್ದು ಅರಮನೆಯೇ ಎಂದರು ಬಂಡಾಯದವರು.

ಆ ಸೀಮೆಯಲ್ಲಿ ಸಾವಿನ ನಲವತ್ತನೆಯ ದಿನ ಗೋರಿಯ ಬಳಿ ಸೇರಿ ಹಲ್ವ ಹಂಚುತ್ತಾರೆ. ಸತ್ತವರ ಮನೆಯವರೆಲ್ಲ ಅಲ್ಲಿ ಮಾತಾಡಲು ಅವಳನ್ನು ಆರಿಸಿದ್ದರು. ಗೋರಿಗಳ ಒಂದು ಬದಿಗೆ ಕೋವಿ ಹಿಡಿದ ಸಿಪಾಯಿಗಳು, ಇನ್ನೊಂದು ಬದಿಗೆ ಕಲ್ಲು ಹಿಡಿದ ಯುವಕರು. ಅವಳ ಬಾಯಿಂದ ಒಂದು ಹೆಸರು ಬಿದ್ದರೆ ಸಾಕಿತ್ತು.

ಅವಳಿಗೂ ಆ ಹೆಸರು ಬೇಕಾಗಿತ್ತು. ಹೆಸರು ಸಿಕ್ಕರೆ ನಿದ್ದೆ ಬಂದೀತು ಎನಿಸುತ್ತಿತ್ತು.

ಗೋರಿಗೆ ಹೊರಡುವ ಮುನ್ನ, ಅಂದು ಬೆಳಗ್ಗೆ ಅವಳು ಮನೆಯಲ್ಲಿ ಹಲ್ವ ತಿರುವುತ್ತಿದ್ದಾಗ ಅರಮನೆಯ ಅಧಿಕಾರಿ ಬಂದ. ಅವನ ಹಿಂದೆಯೇ ಬಂಡಾಯದ ನಾಯಕನೂ ಬಂದ. ಮನೆಗೆ ಬಂದವರನ್ನು ಕಳಿಸುವಂತಿಲ್ಲ. ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದಳು.

"ಖಾನಂ, ಬೆಂಕಿ ಇವರೇ ಇಟ್ಟರೆಂದು ಒಂದು ಮಾತು ಹೇಳಿಬಿಡಿ," ಎಂದ ಅಧಿಕಾರಿ. ಅಲ್ಲಿ ಹೆಂಗಸರನ್ನು ಗೌರವದಿಂದ ಖಾನಂ ಎನ್ನುತ್ತಾರೆ.

"ಬೇಕಾದ್ದನ್ನು ಹೇಳಿಸುವುದರಲ್ಲಿ ಇವರ ಕೈ ಪಳಗಿದೆ, ಖಾನಂ," ಎಂದ ನಾಯಕ. "ಇಟ್ಟವರು ಇವರು."

ಅವಳು ಸೌಟು ಕೆಳಗಿಟ್ಟಳು. "ಅವತ್ತು ಬಾಗಿಲು ಬಡಿದದ್ದು ನಿಮಗೆ ಕೇಳಿಸಿತೇ?"

ಅಧಿಕಾರಿ ತಡೆದು ಹೇಳಿದ: "ಕೇಳಿಸಿತು. ಬಂಡಾಯದವರ ಗಲಾಟೆ ಎಂದುಕೊಂಡು ಕಿಟಕಿ ಮುಚ್ಚಿದೆ."

"ನೀವು?"

ನಾಯಕ ತಲೆ ತಗ್ಗಿಸಿದ. "ನಮ್ಮವರೇ ಎಂದುಕೊಂಡೆ. ಮಾಳಿಗೆಯಿಂದ ನಾನೂ ತಟ್ಟೆ ಬಡಿದೆ."

"ನನ್ನ ಮಗ ಅದನ್ನು ಕೇಳಿರುತ್ತಾನೆ. ಯಾರೋ ಬರುತ್ತಿದ್ದಾರೆ ಎಂದುಕೊಂಡಿರುತ್ತಾನೆ," ಎಂದಳು.

ಒಲೆಯ ಮೇಲೆ ಹಲ್ವ ತಳ ಹಿಡಿಯಿತು.

ಗೋರಿಯ ಬಳಿ ಅವಳು ಇಷ್ಟೇ ಹೇಳಿದಳು: "ಬೆಂಕಿ ಇಟ್ಟವನನ್ನು ಹುಡುಕುವುದನ್ನು ನಾನು ಬಿಡುವುದಿಲ್ಲ, ನೀವೂ ಬಿಡಬೇಡಿ. ಆದರೆ ಹೊರಗಿನ ಅಗುಳಿಗಳನ್ನು ಇವತ್ತೇ ಕಿತ್ತುಹಾಕಿ. ಯಾರೇ ಬಡಿದರೂ ಮೊದಲು ತೆರೆಯಿರಿ. ಯಾರು ಎಂದು ಆಮೇಲೆ ಕೇಳಿ."

ಕಲ್ಲುಗಳು ನೆಲಕ್ಕೆ ಬಿದ್ದವು. ಕೋವಿಗಳು ತಗ್ಗಿದವು. ಅಂದು ಊರಿನ ತುಂಬ ಅಗುಳಿ ಕೀಳುವ ಸದ್ದು.

ಮುಂದಿನ ವಸಂತದಲ್ಲಿ ಕಂಬಳಿ ನೇಯುವ ಮನೆಗೆ ಬೆಂಕಿ ಹತ್ತಿತು. ತೊಲೆಯೊಂದು ಕುಸಿದು ಬಾಗಿಲಿಗೆ ಅಡ್ಡ ಬಿತ್ತು. ಒಳಗಿದ್ದ ಹೆಂಗಸರು ಬಾಗಿಲು ಬಡಿದರು. ಕೇಳಿದವರೆಲ್ಲ ಓಡಿದರು, ಸಿಪಾಯಿಗಳೂ, ಬಂಡಾಯದವರೂ. ಬಾಗಿಲನ್ನೇ ಒಡೆದು ಎಲ್ಲರನ್ನೂ ಹೊರಗೆ ತಂದರು.

ಗುರುಗಳು ಅಲ್ಲಿಗೆ ಕಥೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ನಾಟಕಶಾಲೆಗೆ ಬೆಂಕಿ ಇಟ್ಟವರು ಯಾರು?"

"ಅದನ್ನು ಅಲ್ಲಿ ಇಂದಿಗೂ ಕೇಳುತ್ತಿದ್ದಾರಪ್ಪ," ಎಂದರು ಗುರುಗಳು, "ಎಲ್ಲರಿಗಿಂತ ಗಟ್ಟಿಯಾಗಿ ಕೇಳುವವರು ಬೆಂಕಿಯಿಂದ ಬದುಕಿ ಬಂದ ಆ ಕಂಬಳಿ ನೇಯುವ ಹೆಂಗಸರು."