ಸುಡುಗಾಡಿನಲ್ಲಿ ಸಾರಿದ ಡಂಗುರ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಬಿದಿರೂರು ಅಂತ ಒಂದು ರಾಜ್ಯ ಇತ್ತು. ಅಲ್ಲಿನ ಪಟ್ಟಣದ ನಡುವೆ ಒಂದು ದೊಡ್ಡ ಬಯಲು. ಮಕ್ಕಳು ಆಡೋದು ಅಲ್ಲೇ, ಮುದುಕರು ಗಾಳಿಗೆ ಕೂರೋದು ಅಲ್ಲೇ, ನೇಕಾರರು ಮಗ್ಗಕ್ಕೆ ಏರಿಸೋ ಮುಂಚೆ ಉದ್ದುದ್ದ ನೂಲು ಹಾಸೋದೂ ಅಲ್ಲೇ. ಬಯಲಿಲ್ಲದಿದ್ದರೆ ನೂಲು ಹಾಸೋಕಾಗಲ್ಲ. ನೂಲು ಹಾಸದಿದ್ದರೆ ಮಗ್ಗ ಆಡಲ್ಲ. ಮಗ್ಗ ಆಡದಿದ್ದರೆ ನೇಕಾರರ ಮನೆ ಒಲೆ ಉರಿಯಲ್ಲ.

ಆ ಬಯಲಿನ ಮೇಲೆ ಮಂತ್ರಿಯ ಕಣ್ಣು ಬಿತ್ತು. ಸುತ್ತ ಗೋಡೆ ಎಬ್ಬಿಸಿ, ದೊಡ್ಡ ಮನೆತನದವರು ಮಾತ್ರ ಓಡಾಡೋ ಹೂದೋಟ ಮಾಡಿಸಬೇಕು ಅಂತ ಅವನ ಆಸೆ. ಆದರೆ ಒಂದು ಕಟ್ಟಳೆ ಅಡ್ಡ ಇತ್ತು. ಯಾವ ಜಾಗವೇ ಆಗಲಿ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗೋ ಮುಂಚೆ ಮೂರು ದಿನ ಡಂಗುರ ಸಾರಿಸಬೇಕು. ಒಪ್ಪದವರು ಅರಮನೆಗೆ ಬಂದು ಹೇಳಬಹುದು. ಯಾರೂ ಬರದಿದ್ದರೆ ಒಪ್ಪಿದ ಹಾಗೆ.

ಕಿಲಾಡಿ ಮಂತ್ರಿ ಏನು ಮಾಡಿದ ಗೊತ್ತಾ? ಡಂಗುರದ ದುರ್ಗಪ್ಪನಿಗೆ ಮೊದಲ ದಿನ ಸುಡುಗಾಡಿನಲ್ಲಿ ಸಾರು ಅಂದ. ಎರಡನೇ ದಿನ ಹೊಳೆಯಾಚೆ ಕಾಡಲ್ಲಿ ಸಾರು ಅಂದ. ಮೂರನೇ ದಿನ ಆನೆಲಾಯದಲ್ಲಿ ಸಾರು ಅಂದ. ನಾಲ್ಕನೇ ದಿನ ರಾಜನ ಮುಂದೆ ಕೈಕಟ್ಟಿ ನಿಂತು, ಇಡೀ ಊರು ಖುಷಿಯಿಂದ ಒಪ್ಪಿದೆ ಅಂದ. ಅವನ ನಾಲಿಗೆ ಸೇದೋಗ!

ಆಳುಗಳು ಬಂದು ಬಯಲಲ್ಲಿ ಗೂಟ ಹೊಡೆಯುವಾಗ ನೇಕಾರರ ನೀಲವ್ವ ಅಲ್ಲೇ ನೂಲು ಹಾಸ್ತಾ ಇದ್ದಳು. ಸಿಟ್ಟು ನೆತ್ತಿಗೇರಿತು. ನೇರ ಅರಮನೆಗೆ ಹೋಗಿ, ನಮ್ಮನ್ನ ಯಾರು ಕೇಳಿದ್ರು ಅಂತ ರಾಜನ ಎದುರೇ ದಬಾಯಿಸಿದಳು. ಮೂರು ದಿನ ಸಾರಿದ್ದಾಯ್ತು, ಆಗ ಇವಳು ಎಲ್ಲಿದ್ದಳಂತೆ ಅಂತ ಮಂತ್ರಿ ಮೂಗು ಮುರಿದ.

"ಈ ಕಟ್ಟಳೆ ಎಲ್ಲರಿಗೂ ಒಂದೇನಾ, ದೊರೆ?" ಅಂತ ಕೇಳಿದಳು ನೀಲವ್ವ.

"ಎಲ್ಲರಿಗೂ ಒಂದೇ," ಅಂದ ರಾಜ.

ಹಾಗಾದರೆ ನಾಲ್ಕು ದಿನ ಗೋಡೆ ಕೆಲಸ ನಿಲ್ಲಿಸಿ ಅಂದಳು. ರಾಜ ಒಪ್ಪಿದ.

ನೀಲವ್ವ ದುರ್ಗಪ್ಪನ ಮನೆಗೆ ಹೋದಳು. ಅವನು ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. "ಹೆದರಬೇಡ ತಮ್ಮಾ. ಅದೇ ಮೂರು ಜಾಗದಲ್ಲಿ ಈಗ ನನಗೋಸ್ಕರ ಸಾರು," ಅಂದಳು. ದುರ್ಗಪ್ಪ ಸುಡುಗಾಡಿನಲ್ಲಿ ಸಾರಿದ, ಕಾಡಲ್ಲಿ ಸಾರಿದ, ಆನೆಲಾಯದಲ್ಲಿ ಸಾರಿದ. ಮಂತ್ರಿಗಳ ಮನೆ ಅಂಗಳ ಇನ್ನು ಮೇಲೆ ನೇಕಾರರದ್ದು, ಒಪ್ಪದವರು ಬಂದು ಹೇಳಿ ಅಂತ. ಆನೆಗಳು ಕಿವಿ ಬೀಸಿದವು. ಯಾರೂ ಬರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮಂತ್ರಿ ಬಾಗಿಲು ತೆಗೆದರೆ ಅಂಗಳದ ತುಂಬ ನೂಲು. ನೇಕಾರರ ಕೇರಿಗೆ ಕೇರಿಯೇ ಅಲ್ಲಿತ್ತು. ಕಾಲಿಡೋಕೆ ಜಾಗ ಇಲ್ಲದೆ ನೂಲಿನ ಕೆಳಗೆ ತೆವಳಿಕೊಂಡು ಆಚೆ ಬಂದ. ನನ್ನನ್ನ ಕೇಳದೇ ನನ್ನ ಅಂಗಳ ಕಿತ್ಕೊಂಡ್ರು ಅಂತ ರಾಜನ ಹತ್ತಿರ ಗೋಳಾಡಿದ.

ರಾಜ ನೀಲವ್ವನನ್ನೂ ದುರ್ಗಪ್ಪನನ್ನೂ ಕರೆಸಿದ. ಮೂರು ದಿನ ಸಾರಿದ್ದೀವಿ ಅಂದರು ಇಬ್ಬರೂ. ಎಲ್ಲೆಲ್ಲಿ ಅಂತಲೂ ಹೇಳಿದರು.

"ಸುಡುಗಾಡಿನಲ್ಲಿ ಸಾರಿದರೆ ಬದುಕಿರೋರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಅರಚಿದ ಮಂತ್ರಿ.

"ಅದನ್ನ ನೀವೇ ಹೇಳಿ ಸ್ವಾಮಿ. ದುರ್ಗಪ್ಪನಿಗೆ ಆ ಜಾಗ ತೋರಿಸಿದೋರು ನೀವೇ ಅಲ್ವಾ," ಅಂದಳು ನೀಲವ್ವ.

ಮಂತ್ರಿ ಮುಖ ಬಿಳಿಚಿತು. ರಾಜ ಅವನ ಮಂತ್ರಿಗಿರಿ ಕಿತ್ತು, ಡಂಗುರವನ್ನ ಅವನ ಕೊರಳಿಗೇ ಹಾಕಿಸಿದ. ಬಯಲಿಗೆ ಗೋಡೆ ಕಟ್ಟಬಹುದಾ ಅಂತ ಕೇರಿ ಕೇರಿ ತಿರುಗಿ ಸಾರಬೇಕಾಯ್ತು. ಮೊದಲ ಕೇರಿ ಒಪ್ಪಲ್ಲ ಅಂತು. ಎರಡನೇ ಕೇರಿ ಒಪ್ಪಲ್ಲ ಅಂತು. ಮೂರನೇ ಕೇರಿಯವರು ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ, ಬಯಲಿಗೇ ಹೋಗಿ ಗೂಟಗಳನ್ನ ಕಿತ್ತು ಬಿಸಾಕಿದರು.

ನೀತಿ ಇಷ್ಟೇ, ಮಕ್ಕಳೇ. ಊರಿನ ಜಾಗ ಏನಾಗಬೇಕು ಅಂತ ಊರಿನವರನ್ನೇ ಕೇಳಬೇಕು, ಅದೂ ಅವರ ಕಿವಿಗೆ ಬೀಳೋ ಹಾಗೆ. ನಿಮ್ಮನ್ನ ಯಾರೂ ಕೇಳದೇ ಹೋದರೆ ಸುಮ್ಮನೆ ಕೂರಬೇಡಿ. ನೀವೇ ಎದ್ದು ಹೋಗಿ, ಎದುರಿಗೆ ನಿಂತು, ಒಪ್ಪಲ್ಲ ಅಂತ ಹೇಳಿ.