ವಯಸ್ಸು ಗೊತ್ತಿಲ್ಲದ ಡರ್ಬಿ ಟೋಪಿ

ಒಂದಾನೊಂದು ಊರಿನಲ್ಲಿ, ತಲೆಗಳಿಗಿಂತ ಟೋಪಿಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಓಬಯ್ಯ ಅಂತ ಒಬ್ಬನಿದ್ದ. ಅವನಿಗೆ ಹೊಲ ಇರಲಿಲ್ಲ, ಎತ್ತು ಇರಲಿಲ್ಲ. ಟೋಪಿ ಇದ್ದವು. ಎಂಥ ಟೋಪಿ ಅಂತೀರಿ? ಡರ್ಬಿ ಟೋಪಿ. ಹಿಂದೆ ಕುದುರೆ ಏರಿ ಬರುತ್ತಿದ್ದ ಬಿಳಿ ದೊರೆಗಳು ಹಾಕುತ್ತಿದ್ದರಲ್ಲ, ಕರ್ರಗೆ, ಗಟ್ಟಿಗೆ, ಬೋರಲು ಹಾಕಿದ ಕುಡಿಕೆಯ ಹಾಗೆ ದುಂಡಗೆ, ಅಂಚು ಮಾತ್ರ ಸುಟ್ಟ ಹಪ್ಪಳದ ಹಾಗೆ ಮೇಲಕ್ಕೆ ಸುರುಟಿಕೊಂಡು, ಅದೇ. ಕುದುರೆ ಹೋದವು, ದೊರೆಗಳು ಹೋದರು, ಟೋಪಿ ಉಳಿದವು. ಉಳಿದದ್ದನ್ನೆಲ್ಲ ಓಬಯ್ಯ ಊರೂರು ಅಲೆದು ಹೆಕ್ಕಿ ತಂದ. ಕೋಳಿ ಕಾವು ಕೂತಿದ್ದ ಟೋಪಿ ತಂದ. ಬೆದರುಬೊಂಬೆಯ ತಲೆಯ ಮೇಲಿದ್ದ ಟೋಪಿ ತಂದ. ಒಂದರಲ್ಲಿ ಯಾರೋ ಉಪ್ಪಿನಕಾಯಿ ಹಾಕಿಟ್ಟಿದ್ದರು. ಉಪ್ಪಿನಕಾಯಿ ತಿಂದು ಮುಗಿಸಿ ಅದನ್ನೂ ತಂದ.

ತಂದು ಗೋಡೆಗೆ ಗೂಟ ಹೊಡೆದ. ಗೂಟಕ್ಕೊಂದು ಟೋಪಿ. ಹಿರಿಯರು ಬಾಗಿಲ ಕಡೆಗೆ, ಕಿರಿಯರು ಒಲೆಯ ಕಡೆಗೆ. ಧೂಳು ಹೊಡೆಯುವಾಗಲೂ ಹಿರಿಯರಿಗೆ ಮೊದಲು. ಟೋಪಿಯ ವಯಸ್ಸು ತಿಳಿಯುವುದು ಹೇಗೆ? ಒಳಗಿನ ಚರ್ಮದ ಪಟ್ಟಿ ನೋಡಬೇಕು. ರೇಷ್ಮೆ ಅಸ್ತರು ನೋಡಬೇಕು. ಅಂಚಿನ ಸುರುಳಿ ನೋಡಬೇಕು. ಅದಾದ ಮೇಲೆ ಟೋಪಿಯನ್ನೇ ಕೇಳಬೇಕು: "ಏನಪ್ಪಾ, ನೀನು ಹುಟ್ಟಿದ ವರ್ಷ ಏನಾಗಿತ್ತು?" ಒಂದು ಟೋಪಿ, "ಮಿಡತೆ ಬಂದಿತ್ತು" ಅನ್ನುತ್ತಿತ್ತು. ಇನ್ನೊಂದು, "ಬಾವಿಗೆ ಆನೆ ಬಿದ್ದಿತ್ತು" ಅನ್ನುತ್ತಿತ್ತು. ಎಲ್ಲಕ್ಕಿಂತ ಹಿರಿಯ ಟೋಪಿ ಗಂಟಲು ಸರಿಮಾಡಿಕೊಂಡು, "ನಾನು ಹುಟ್ಟಿದ್ದು ಕೆರೆ ಒಡೆದ ಮಾರನೇ ವರ್ಷ. ಬಾಗಿಲ ಗೂಟ ನನ್ನದು" ಅನ್ನುತ್ತಿತ್ತು. ಉಳಿದವು, "ಹೌದಜ್ಜ" ಅನ್ನುತ್ತಿದ್ದವು.

ಆದರೆ ಗೂಟ ಒಂದು ಕಡಿಮೆ, ಟೋಪಿ ಒಂದು ಹೆಚ್ಚು. ಇನ್ನೊಂದು ಗೂಟ ಹೊಡೆದರೆ ಗೋಡೆ ನೆರೆಮನೆಯ ಮೇಲೆ ಮಲಗುತ್ತಿತ್ತು. ಹಾಗಾಗಿ ಒಂದು ಟೋಪಿ ಕುಂಬಳಕಾಯಿಯ ಮೇಲೆ ಕೂರುತ್ತಿತ್ತು. ಅದರ ಪಟ್ಟಿಯನ್ನು ನಾಯಿ ತಿಂದಿತ್ತು. ಅಸ್ತರನ್ನು ಜಿರಲೆ ತಿಂದಿತ್ತು. ಅಂಚಿನ ಸುರುಳಿ ನೀರು ಕುಡಿದು ಬಿಚ್ಚಿಹೋಗಿತ್ತು. ಹುಟ್ಟಿದ ವರ್ಷ ಏನಾಗಿತ್ತು ಅಂದರೆ, "ಕತ್ತಲಾಗಿತ್ತು" ಅನ್ನುತ್ತಿತ್ತು, ಅಷ್ಟೇ.

"ವಯಸ್ಸಿಲ್ಲದವರಿಗೆ ಗೂಟವೂ ಇಲ್ಲ. ಕುಂಬಳಕಾಯಿಗೆ ತಂಪಾಗಿದೆ, ಕೂತಿರು" ಅಂತ ಗೋಡೆಯ ಟೋಪಿಗಳು ಆಡಿಕೊಳ್ಳುತ್ತಿದ್ದವು. ಕುಂಬಳಕಾಯಿಯ ಟೋಪಿ ಬಿಕ್ಕುತ್ತಿತ್ತು. ಕಣ್ಣೀರು ಅಂಚಿನಲ್ಲಿ ನಿಂತು, ಅಂಚಿನಲ್ಲಿ ಸೊಳ್ಳೆಯಾಗಿ, ಸೊಳ್ಳೆ ಓಬಯ್ಯನನ್ನೇ ಕಚ್ಚುತ್ತಿತ್ತು.

ಓಬಯ್ಯ ಕೆರೆದುಕೊಂಡ. ಎದ್ದು ನಿಂತ. "ಈ ಟೋಪಿಯ ವಯಸ್ಸು ಸಿಗುವ ತನಕ ನನ್ನ ತಲೆಯ ಮೇಲೆ ಏನೂ ಇಡೋದಿಲ್ಲ. ಬಿಸಿಲು ಸುಡಲಿ, ಮಳೆ ಹೊಡೆಯಲಿ. ಹಿಡಿದದ್ದು ಬಿಡೋ ಜಾತಿ ಅಲ್ಲ ನಂದು" ಅಂದ.

ಅವನ ಅಕ್ಕ ಸಂಗವ್ವ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲೇ ಇಲ್ಲ. "ಲೋ ಓಬ, ನಿನ್ನ ವಯಸ್ಸೇ ನಿನಗೆ ಗೊತ್ತಿಲ್ಲ. ನಿನ್ನ ಹೆತ್ತ ದಿನ ಅವ್ವ ನಿದ್ದೆ ಹೋಗಿದ್ದಳು, ಅಪ್ಪ ಊರಲ್ಲಿರಲಿಲ್ಲ, ನಾನು ಇನ್ನೂ ಹುಟ್ಟಿರಲಿಲ್ಲ. ಟೋಪಿ ವಯಸ್ಸು ಹುಡುಕ್ತಾನಂತೆ!"

"ಹೆತ್ತಾಗ ನೀನು ಹುಟ್ಟಿರಲಿಲ್ಲ ಅಂದರೆ ನೀನು ಅಕ್ಕ ಹೆಂಗಾದೆ?"

"ಬಾಯಿ ಜೋರಿದ್ದವಳು ಅಕ್ಕ. ರೊಟ್ಟಿ ತಗೋ, ಹೊರಡು."

ಓಬಯ್ಯ ರೊಟ್ಟಿಯನ್ನು ಟೋಪಿಯಲ್ಲಿಟ್ಟುಕೊಂಡು, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಇತ್ತ ಅರಮನೆಯಲ್ಲಿ ಏನಾಯಿತು ಕೇಳಿ. ಆ ರಾಜ್ಯದ ದೊರೆ ಕೆಂಚಭೂಪಾಲ, ಕೆರೆ ಒಡೆದ ವರ್ಷ ಹುಟ್ಟಿದವನು. ಆ ರಾಜ್ಯದಲ್ಲಿ ಒಂದು ರಿವಾಜು: ಹಿರಿಯರಿಗಿಂತ ಎತ್ತರದಲ್ಲಿ ಕಿರಿಯರು ಕೂರುವಂತಿಲ್ಲ. ಅಲ್ಲಿ ತೆಂಗಿನಮರ ಹತ್ತುವವರೆಲ್ಲ ಮುದುಕರು. ಯುವಕರು ಕೆಳಗೆ ನಿಂತು, "ಜೋಪಾನ ತಾತ" ಅನ್ನುವವರು. ಹೀಗಿರುವಾಗ ಒಂದು ದಿನ ದೊರೆ ಕನ್ನಡಿ ನೋಡಿದ. ತಲೆಯ ಮೇಲೆ ಕಿರೀಟ ಇತ್ತು.

"ಮಂತ್ರಿ, ಈ ಕಿರೀಟ ಮಾಡಿಸಿದ್ದು ಯಾವಾಗ?"

"ಹೋದ ದೀಪಾವಳಿಗೆ, ಪ್ರಭು."

"ಅಂದರೆ ಒಂದು ವರ್ಷದ ಕೂಸು ನನ್ನ ನೆತ್ತಿಯ ಮೇಲೆ ಕೂತಿದೆ! ಇಳಿಸಿ! ಬಸ್ಕಿ ಹೊಡೆಸಿ!"

ಕಿರೀಟಕ್ಕೆ ಮೊಣಕಾಲಿರಲಿಲ್ಲ. ಅಕ್ಕಸಾಲಿ ಬಸ್ಕಿ ಹೊಡೆದ. ಆಮೇಲೆ ಡಂಗುರ ಸಾರಿಸಿದರು: "ದೊರೆಗಿಂತ ಹಿರಿಯದಾದ ಟೋಪಿ ಬೇಕಾಗಿದೆ! ಹಿರಿಯದಾದರೆ ದೊರೆಯ ತಲೆ ಅದಕ್ಕೆ! ಕಿರಿಯದಾದರೆ ಬೇಯಿಸಿ ಸಾರು ಮಾಡಿ ತಂದವನಿಗೇ ಬಡಿಸಲಾಗುವುದು! ವಯಸ್ಸನ್ನು ಸಭೆಯೇ ಗೊತ್ತುಮಾಡುತ್ತದೆ!"

ಓಬಯ್ಯನಿಗೆ ಕಡೆಯ ಮಾತು ಮಾತ್ರ ಕೇಳಿಸಿತು. "ವಯಸ್ಸು ಗೊತ್ತುಮಾಡ್ತಾರಂತೆ. ನಡಿ."

"ಬೇಯಿಸ್ತಾರಂತೆ" ಅಂತ ಟೋಪಿ ನಡುಗಿತು.

"ಬೆಂದರೂ ವಯಸ್ಸು ಇಟ್ಟುಕೊಂಡು ಬೇಯ್ತೀಯ. ಇಲ್ಲಾ ಕುಂಬಳಕಾಯಿ ಮೇಲೆ ಹೋಗ್ತೀಯ?"

ಟೋಪಿ ಯೋಚಿಸಿತು. "ನಡಿ" ಅಂತು.

ಸಭೆ ತುಂಬಿತ್ತು. ಅಂಗಳದಲ್ಲಿ ಹಂಡೆ ಇತ್ತು, ಒಲೆ ಇತ್ತು, ಒಗ್ಗರಣೆಗೆ ಬೆಳ್ಳುಳ್ಳಿ ಸುಲಿದಿಟ್ಟಿದ್ದರು. ಮಂತ್ರಿ ಟೋಪಿಯನ್ನು ತಿರುಗಿಸಿ ನೋಡಿದ. "ಪಟ್ಟಿ ಇಲ್ಲ, ಅಸ್ತರಿಲ್ಲ. ಎತ್ತಿನ ವಯಸ್ಸು ನೋಡೋ ಹಾಗೆ ನೋಡೋಣ. ಬಾಯಿ ತೆರೆಸು."

"ಅದು ತೆರೆದೇ ಇದೆ ಬುದ್ಧಿ" ಅಂದ ಓಬಯ್ಯ.

ಮಂತ್ರಿ ಕೈ ಹಾಕಿ ತಡಕಿದ. "ಹಲ್ಲೇ ಇಲ್ಲ! ಪ್ರಭು, ಇದು ಒಂದೋ ಹಲ್ಲು ಬಾರದ ಹಸುಗೂಸು, ಇಲ್ಲಾ ಹಲ್ಲು ಉದುರಿದ ಹಣ್ಣು ಮುದುಕ."

"ಹಾಗಾದರೆ ಅರ್ಧ ಒಲೆ ಹಚ್ಚಿ" ಅಂದ ದೊರೆ. ಅರ್ಧ ಒಲೆ ಹಚ್ಚಿದರು. ಅರ್ಧ ನೀರು ಕುದಿಯಿತು, ಅರ್ಧ ನೀರು ಕಾದು ನೋಡಿತು.

ಓಬಯ್ಯ ಟೋಪಿಯನ್ನು ಎದೆಗೆ ಅವುಚಿಕೊಂಡ. "ಬುದ್ಧೀ, ನೀರು ಪೂರ್ತಿ ಕುದಿಯೋ ತನಕ ನಾನು ಇದನ್ನ ಕೇಳ್ತೀನಿ. ಏಯ್ ಟೋಪಿ, ಬುಡದಿಂದ ಹೇಳು. ನೀನು ಕಂಡ ಮೊದಲನೇ ತಲೆ ಯಾವುದು?"

"ಗುಂಗುರು ಕೂದಲ ತಲೆ."

"ಅದಕ್ಕೂ ಮುಂಚೆ?"

"ಬೋಳು ತಲೆ. ಸುಗಂಧದೆಣ್ಣೆ ವಾಸನೆ."

"ಅದಕ್ಕೂ ಮುಂಚೆ?"

"ಕತ್ತಲು."

"ಕತ್ತಲು ಎಲ್ಲರೂ ಕಂಡಿದ್ದಾರೆ. ಆ ಕತ್ತಲಲ್ಲಿ ಯಾವ ತಲೆ ಇತ್ತು? ಹೇಳು. ನಾನು ಬಿಡೋದಿಲ್ಲ."

ಟೋಪಿ ನಾಚಿಕೊಂಡಿತು. ಕರಿ ಟೋಪಿ ನಾಚಿದರೆ ಕೆಂಪಾಗುವುದಿಲ್ಲ, ನೇರಳೆಯಾಗುತ್ತದೆ. "ತಲೆ ಇರಲಿಲ್ಲ. ಅಂಡು ಇತ್ತು."

ಸಭೆ ಹೋ ಅಂತು. ಮಂತ್ರಿ ಕಿವಿ ಮುಚ್ಚಿಕೊಂಡು ಬೆರಳು ಸಡಿಲ ಬಿಟ್ಟ.

"ಪುಟ್ಟ ಅಂಡು" ಅಂತು ಟೋಪಿ. "ಎಡಗಡೆ ಹುಣಸೆಬೀಜದಷ್ಟು ಮಚ್ಚೆ. ನಾನು ತೇಲುತ್ತಿದ್ದೆ. ಸುತ್ತ ನೀರು ಭೋರ್ ಅನ್ನುತ್ತಿತ್ತು. ಯಾವಳೋ ಒಬ್ಬಳು ಹೆಂಗಸು, 'ಮುಳುಗಬೇಡವೋ ಟೋಪಿ, ನಿನಗೆ ತುಪ್ಪ ತಿನ್ನಿಸ್ತೀನಿ' ಅಂತ ಕೂಗುತ್ತಿದ್ದಳು. ತುಪ್ಪ ಇನ್ನೂ ಬಂದಿಲ್ಲ."

ಆಗ ಪರದೆಯ ಹಿಂದಿನಿಂದ ದೊರೆಯ ತಾಯಿ ದೊಡ್ಡವ್ವ ಎದ್ದು ಬಂದಳು. ಹಣ್ಣು ಹಣ್ಣು ಮುದುಕಿ. "ಅಯ್ಯೋ ನನ್ನಪ್ಪಾ! ನೀನೇನೋ?" ಅಂತ ಟೋಪಿಯ ಗಲ್ಲ ಸವರಿದಳು. ಸಭೆಗೆ ತಿರುಗಿ ಹೇಳಿದಳು: "ಕೆರೆ ಒಡೆದು ಅರಮನೆಗೆ ನೀರು ನುಗ್ಗಿತು. ಕೆಂಚ ಹುಟ್ಟಿ ಒಂದು ಜಾವ ಆಗಿತ್ತು. ಚಿನ್ನದ ತೊಟ್ಟಿಲು ಗುಳಕ್ ಅಂತ ಮುಳುಗಿತು. ಯಾವನೋ ಬಿಳಿ ದೊರೆ ಒಂದು ಸಲವೂ ಹಾಕದೆ ಮರೆತುಹೋಗಿದ್ದ ಟೋಪಿ ತೇಲಿಕೊಂಡು ಬಂತು. ಮಗನ್ನ ಅದರಲ್ಲಿ ಕೂರಿಸಿದೆ. ಮಚ್ಚೆ ಎಡಗಡೆಗೇ ಇದೆ, ನಾನೇ ನೋಡಿದ್ದೀನಿ."

"ಅವ್ವಾ! ಇದು ಸಭೆ ಕಣವ್ವಾ!" ಅಂದ ದೊರೆ, ಸಿಂಹಾಸನಕ್ಕೆ ಇನ್ನಷ್ಟು ಒತ್ತಿಕೊಂಡು.

"ಸಭೆಯಾದರೆ ಮಚ್ಚೆ ಬಲಕ್ಕೆ ಹೋಗ್ತದೇನೋ?"

ದೊರೆ ಹುಟ್ಟಿದಾಗಲೇ ಟೋಪಿ ಇತ್ತು ಅಂದಮೇಲೆ ಟೋಪಿ ಹಿರಿಯದು. ಮಂತ್ರಿ ಒಪ್ಪಿದ. ಅರ್ಧ ಒಲೆ ಆರಿಸಿದರು. ದೊರೆ ತಲೆ ಬಗ್ಗಿಸಿ, "ಬನ್ನಿ ಹಿರಿಯರೇ, ಕೂತುಕೊಳ್ಳಿ" ಅಂದ.

ಟೋಪಿ ಓಬಯ್ಯನ ಕಡೆ ತಿರುಗಿತು. "ನನಗೆ ಗೂಟ ಬೇಕು" ಅಂತ ಪಿಸುಗುಟ್ಟಿತು. "ಒಂದು ಸಾಲು, ಅದರಲ್ಲಿ ನನ್ನದೊಂದು ಜಾಗ. ಅಷ್ಟಕ್ಕೇ ತಾನೇ ಬಂದದ್ದು?"

ಓಬಯ್ಯ ಟೋಪಿಯನ್ನು ಬಿಡಲಿಲ್ಲ. ದೊರೆ ಎಳೆದ, ಓಬಯ್ಯ ಎಳೆದ. ಎಳೆಯುತ್ತ ಎಳೆಯುತ್ತ ಓಬಯ್ಯನಿಗೆ ಹೊಳೆಯಿತು.

"ಬುದ್ಧೀ, ಇದರಲ್ಲಿ ಕೂತಿದ್ದ ಅಂಡಿನ ವಯಸ್ಸೆಷ್ಟು?"

"ಒಂದು ಜಾವ."

"ತಮ್ಮ ತಲೆಯ ವಯಸ್ಸು?"

"ಅದು ಈಗ ಬೇಕಾದಷ್ಟಿದೆ."

"ಹಾಗಾದರೆ ಈ ಟೋಪಿ ಹಾಕಿಕೊಂಡರೆ ಒಂದು ಜಾವದ ಅಂಡು ಕೂತ ಜಾಗ ತಮ್ಮ ನೆತ್ತಿಯ ಮೇಲೆ ಬರ್ತದೆ. ಕಿರಿಯರು ಹಿರಿಯರ ಮೇಲೆ! ರಿವಾಜು ಉಳೀತದಾ?"

ದೊರೆ ಕೈ ಬಿಟ್ಟ. ಹಾವು ಮುಟ್ಟಿದವನ ಹಾಗೆ ಬಿಟ್ಟ. ಓಬಯ್ಯ ಟೋಪಿ ಸಮೇತ ಹಂಡೆಯ ಪಕ್ಕದಲ್ಲಿ ಅಂಗಾತ ಬಿದ್ದ.

"ಮತ್ತೆ ನಾನು ತಲೆಗೆ ಏನು ಹಾಕಿಕೊಳ್ಳಲಿ?" ಅಂತ ದೊರೆ ಅಳುವ ಹಾಗಾದ. "ಕೂದಲೂ ನನಗಿಂತ ಆಮೇಲೆ ಹುಟ್ಟಿದ್ದು!" ಕೂಡಲೇ ಹಜಾಮರು ಬಂದರು. ತಲೆ ಬೆಳಗಿದ ಹಂಡೆಯ ಹಾಗೆ ಹೊಳೆಯಿತು. ದೊಡ್ಡವ್ವ ಮಗನ ಬೋಳು ಸವರಿ, "ಆಕಾಶ ನಿನಗಿಂತ ಹಿರೀದು ಮಗಾ. ಅದನ್ನೇ ಹಾಕ್ಕೋ" ಅಂದಳು. ಅವತ್ತಿನಿಂದ ದೊರೆ ಆಕಾಶ ಹಾಕಿಕೊಂಡ. ಗಾಳಿ ಬೀಸಿದರೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ, ಹಾರಿಹೋದೀತು ಅಂತ. ದೊಡ್ಡವ್ವ ಟೋಪಿಗೆ ಒಂದು ಸೌಟು ತುಪ್ಪ ತಿನ್ನಿಸಿ ಕಳಿಸಿದಳು.

ಓಬಯ್ಯ ಮನೆಗೆ ಬಂದು ಗೋಡೆಯ ಮುಂದೆ ನಿಂತ. "ಕೇಳ್ರಪ್ಪ, ಇದು ಕೆರೆ ಒಡೆಯೋಕೂ ಮುಂಚೆ ಹುಟ್ಟಿದ್ದು."

ಬಾಗಿಲ ಗೂಟದ ಟೋಪಿ ಗಂಟಲು ಸರಿಮಾಡಿಕೊಂಡಿತು. ಆಮೇಲೆ, "ಬಾ ಅಜ್ಜ" ಅಂತ ಪಕ್ಕಕ್ಕೆ ಸರಿಯಿತು. ಪಕ್ಕದ್ದು ಅದರ ಪಕ್ಕಕ್ಕೆ, ಅದರ ಪಕ್ಕದ್ದು ಇನ್ನೂ ಪಕ್ಕಕ್ಕೆ. ಕುಂಬಳಕಾಯಿಯ ಟೋಪಿ ಬಾಗಿಲ ಗೂಟದಲ್ಲಿ ತುಪ್ಪದ ಮುಖ ಮಾಡಿಕೊಂಡು ಕೂತಿತು. ಆದರೆ ಒಲೆಯ ಕಡೆಯ ಕೊನೆಯ ಟೋಪಿ, ಎಲ್ಲರಿಗಿಂತ ಚಿಕ್ಕದು, ಗೂಟ ತಪ್ಪಿ ಧೊಪ್ ಅಂತ ಕುಂಬಳಕಾಯಿಯ ಮೇಲೆ ಬಿತ್ತು. ಬಿದ್ದು ಬಿಕ್ಕತೊಡಗಿತು.

"ಶುರುವಾಯ್ತು ಮತ್ತೆ ಸೊಳ್ಳೆ" ಅಂದಳು ಸಂಗವ್ವ.

ಓಬಯ್ಯ ತಲೆ ಸವರಿಕೊಂಡ. ಹರಕೆ ತೀರಿತ್ತು. ಬಿಸಿಲಿಗೆ ನೆತ್ತಿ ಸಿಪ್ಪೆ ಎದ್ದಿತ್ತು. ಚಿಕ್ಕ ಟೋಪಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. ಸರಿಯಾಗಿ ಕೂತಿತು.

"ಲೋ! ಅದು ನಿನಗಿಂತ ಚಿಕ್ಕದು! ದೊರೆಯ ಆಳು ಹಿಡಿದರೆ?"

"ನನಗಿಂತ ಚಿಕ್ಕದು ಅಂತ ಯಾರು ಹೇಳಿದ್ದು? ನನ್ನ ವಯಸ್ಸು ಯಾರಿಗೆ ಗೊತ್ತು? ನನ್ನ ಹೆತ್ತಾಗ ಅವ್ವ ನಿದ್ದೆ ಹೋಗಿದ್ದಳು, ಅಪ್ಪ ಊರಲ್ಲಿರಲಿಲ್ಲ, ನೀನು ಹುಟ್ಟಿರಲಿಲ್ಲ."

ಸಂಗವ್ವ ಮೊದಲ ಸಲ ರೊಟ್ಟಿಯಿಂದ ತಲೆ ಎತ್ತಿದಳು. ರೊಟ್ಟಿ ಸೀದುಹೋಯಿತು. ಓಬಯ್ಯ ಟೋಪಿ ವಾರೆ ಮಾಡಿಕೊಂಡು ಇನ್ನೊಂದು ಊರಿಗೆ ಹೊರಟ. ಅಲ್ಲಿ ಯಾರೋ ಒಂದು ಡರ್ಬಿ ಟೋಪಿಯಲ್ಲಿ ಮೊಸರು ಹೆಪ್ಪು ಹಾಕಿದ್ದಾರಂತೆ.

ಇದರಿಂದ ತಿಳಿಯಬೇಕಾದ ನೀತಿ: ವಯಸ್ಸು ಗೊತ್ತಾದವರಿಗೆ ಗೂಟ ಸಿಗುತ್ತದೆ, ಗೊತ್ತಿಲ್ಲದವರಿಗೆ ಟೋಪಿ ಸಿಗುತ್ತದೆ, ದೊರೆಗಳಿಗೆ ಏನೂ ಸಿಗದೆ ಆಕಾಶ ಸಿಗುತ್ತದೆ. ಕತೆ ಹೇಳಿದವನಿಗೆ ಒಂದು ಟೋಪಿ, ಕೇಳಿದವರಿಗೆ ಒಂದು ತಲೆ. ಸರಿಹೊಂದದಿದ್ದರೆ ಎದುರು ಬದುರು ಕೂತು ಬದಲಾಯಿಸಿಕೊಳ್ಳೋಣ. ಕುಂಬಳಕಾಯಿ ಮಾತ್ರ ಸಂಗವ್ವನದು, ಅದನ್ನು ಯಾರೂ ಮುಟ್ಟಬೇಡಿ.