ಒಪ್ಪಿಗೆ ಕೊಡದ ಬೊಮ್ಮಣ್ಣ

ವರದಾ ನದಿಯ ದಡದಲ್ಲಿ ವೈದ್ಯ ಮಲ್ಲಿದೇವರ ಆಶ್ರಮವಿತ್ತು. ಅಲ್ಲಿ ಒಂದು ಪದ್ಧತಿ. ಗುರುಗಳು ಹೊಸ ಗ್ರಂಥ ಮುಗಿಸಿದರೆ ಅದನ್ನು ಸಭೆಯಲ್ಲಿ ಓದಬೇಕು. ಓದಿದ ಮೇಲೆ ಶಿಷ್ಯರು ಒಬ್ಬೊಬ್ಬರಾಗಿ ಎದ್ದು 'ಒಪ್ಪಿದೆ' ಅನ್ನಬೇಕು. ಎಲ್ಲರೂ ಒಪ್ಪಿದ ಮೇಲೆಯೇ ಗ್ರಂಥ ನಕಲಿಗೆ ಹೋಗುವುದು.

'ಒಪ್ಪಿಲ್ಲ' ಅನ್ನುವುದಕ್ಕೂ ಅವಕಾಶವಿತ್ತು. ಅವಕಾಶ ಇದ್ದ ಮಾತ್ರಕ್ಕೆ ಯಾರಾದರೂ ಅನ್ನುತ್ತಾರೆಯೇ? ಯಾರೂ ಅಂದಿರಲಿಲ್ಲ.

ಆ ವರ್ಷ ಮುಗಿದದ್ದು ಜ್ವರದ ಗ್ರಂಥ. ಹಿರಿಯ ಶಿಷ್ಯ ಕಲ್ಲರಸ ರಾಗವಾಗಿ ಓದಿದ. ಜ್ವರ ಏರಿದವನಿಗೆ ಅದು ಇಳಿಯುವ ತನಕ ತೊಟ್ಟು ನೀರನ್ನೂ ಕೊಡಬಾರದು, ನೀರೇ ಜ್ವರಕ್ಕೆ ಮೇವು, ರೋಗಿ ಬೇಡಿದರೂ ವೈದ್ಯ ಕರಗಬಾರದು ಎಂದಿತ್ತು ಅದರಲ್ಲಿ.

ಶಿಷ್ಯರೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿ 'ಒಪ್ಪಿದೆ' ಎಂದರು. ಕೊನೆಗೆ ಬೊಮ್ಮಣ್ಣನ ಸರದಿ ಬಂತು. ರೋಗಿಗಳ ಚಾವಡಿಯಲ್ಲಿ ಸೇವೆಗಿದ್ದ ಶಿಷ್ಯ ಅವನು.

"ಒಪ್ಪಿಲ್ಲ," ಎಂದ.

ಕೂತಿದ್ದವರೆಲ್ಲ ಅವನತ್ತ ತಿರುಗಿದರು.

"ಯಾಕೆ?" ಎಂದು ಕೇಳಿದರು ಮಲ್ಲಿದೇವರು.

"ನೀರಿಲ್ಲದೆ ಮಲಗಿದವರು ಹೆಚ್ಚಾಗಿ ಸಾಯ್ತಿದ್ದಾರೆ, ಗುರುಗಳೇ. ಮನೆಯವರು ಕದ್ದುಮುಚ್ಚಿ ನೀರು ಕುಡಿಸಿದವರು ಎದ್ದು ಹೋಗ್ತಿದ್ದಾರೆ. ನಾನು ನೋಡಿದ್ದೀನಿ."

"ಕದ್ದು ನೀರು ತರೋ ಮನೆಯವರು ಗಂಜಿಯನ್ನೂ ತಂದಿರ್ತಾರೆ. ಪಕ್ಕದಲ್ಲಿ ಕೂತು ಕೈಕಾಲು ಒತ್ತಿರ್ತಾರೆ. ದಿಕ್ಕಿಲ್ಲದವನು ಚಾವಡಿಗೆ ಬರುವಾಗಲೇ ಅರ್ಧ ಸತ್ತಿರ್ತಾನೆ. ಉಳಿಸಿದ್ದು ನೀರೇ ಅಂತ ಹೇಗೆ ಹೇಳ್ತೀಯ?"

ಇದನ್ನು ಬೊಮ್ಮಣ್ಣ ಯೋಚಿಸಿರಲೇ ಇಲ್ಲ. ಎಲ್ಲರೆದುರು ಅವನ ಕಿವಿ ಬಿಸಿಯಾಯಿತು.

"ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ," ಎಂದ.

"ಹಾಗಾದರೆ ಒಪ್ಪಿದೆ ಅನ್ನು."

"ಉತ್ತರ ಇಲ್ಲ ಅಂದೆ, ಗುರುಗಳೇ. ಅನುಮಾನ ಹೋಯ್ತು ಅನ್ನಲಿಲ್ಲ."

ಅವನ ಕಣ್ಣ ಮುಂದೆ ನೇಕಾರರ ಹೆಂಗಸೊಬ್ಬಳಿದ್ದಳು. ಸಾಯುವ ಹಿಂದಿನ ದಿನ ಅವಳು ಹಣೆಯ ಮೇಲಿನ ಒದ್ದೆ ಬಟ್ಟೆಯ ತುದಿಯನ್ನು ಬಾಯಿಗಿಟ್ಟು ಚೀಪುತ್ತಿದ್ದಳು. ಗುರುವಿನ ಅಪ್ಪಣೆಯೆಂದು ಆ ಬಟ್ಟೆಯನ್ನು ಕಿತ್ತುಕೊಂಡವನು ಬೊಮ್ಮಣ್ಣನೇ. ಈ ಗ್ರಂಥ ನಕಲಾಗಿ ಊರೂರಿಗೆ ಹೋದರೆ ಅಲ್ಲೆಲ್ಲ ಇಂಥ ಬಟ್ಟೆಗಳನ್ನು ಕಿತ್ತುಕೊಳ್ಳುತ್ತಾರೆ.

ಕಲ್ಲರಸ ಎದ್ದು ನಿಂತ. "ಗುರುವಿಗೇ ತಿರುಮಂತ್ರವೇ? ಕಾಲಿಗೆ ಬಿದ್ದು ಮಾತು ಹಿಂದಕ್ಕೆ ತಗೋ."

ಬೊಮ್ಮಣ್ಣ ಹೋಗಿ ಗುರುಗಳ ಕಾಲಿಗೆ ಅಡ್ಡಬಿದ್ದ. ಎದ್ದು, "ಕಾಲಿಗೆ ಬಿದ್ದಿದ್ದೀನಿ, ಅಣ್ಣ. ಮಾತು ಮಾತ್ರ ಹಿಂದಕ್ಕೆ ತಗೊಳ್ಳೋದಿಲ್ಲ," ಎಂದ.

ಮಲ್ಲಿದೇವರ ಮುಖ ಗಂಟಿಕ್ಕಿತು. ಗುರುವಾದರೇನು, ತುಂಬಿದ ಸಭೆಯಲ್ಲಿ ಚುಚ್ಚಿದರೆ ಯಾರಿಗಾದರೂ ನೋವಾಗುತ್ತದೆ.

"ಇವನು ಇನ್ನು ಚಾವಡಿಗೆ ಕಾಲಿಡೋದು ಬೇಡ. ದನ ಮೇಯಿಸಲಿ. ಬುದ್ಧಿ ಬಂದ ಮೇಲೆ ಒಪ್ಪಲಿ," ಎಂದು ಒಳಗೆ ಹೋದರು.

ಬೊಮ್ಮಣ್ಣ ದನ ಮೇಯಿಸಿದ. ಬುದ್ಧಿ ಬರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಮಲ್ಲಿದೇವರಿಗೇ ಜ್ವರ ಬಂತು. ಒಂದು ಮಧ್ಯಾಹ್ನ ದನಗಳನ್ನು ನೆರಳಿಗೆ ಕಟ್ಟಿ ಬಂದ ಬೊಮ್ಮಣ್ಣನಿಗೆ ಗುರುಗಳ ಕೋಣೆಯಿಂದ ಕ್ಷೀಣವಾದ ದನಿ ಕೇಳಿಸಿತು.

"ನೀರು."

ಬಾಗಿಲಲ್ಲಿ ಶಿಷ್ಯರೆಲ್ಲ ಕೈಕಟ್ಟಿ ನಿಂತಿದ್ದರು. ಕಲ್ಲರಸನ ಕಣ್ಣಲ್ಲಿ ನೀರಿತ್ತು. ಗುರುಗಳ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ.

"ನೀರು ಕೇಳ್ತಿದ್ದಾರಲ್ಲ ಅಣ್ಣ," ಎಂದ ಬೊಮ್ಮಣ್ಣ.

"ನಿನ್ನೆಯಿಂದ ಕೇಳ್ತಿದ್ದಾರೆ. ನಮ್ಮನ್ನು ಪರೀಕ್ಷೆ ಮಾಡ್ತಿದ್ದಾರೆ."

"ಹಾಗಂತ ಯಾರು ಹೇಳಿದ್ದು?"

"ಗ್ರಂಥದಲ್ಲೇ ಇದೆಯಲ್ಲ. ಬೇಡಿದರೂ ಕರಗಬಾರದು ಅಂತ."

ಬೊಮ್ಮಣ್ಣ ಒಳಗೆ ಇಣುಕಿ ನೋಡಿದ. ಮಲ್ಲಿದೇವರು ಹಣೆಯ ಮೇಲಿನ ಒದ್ದೆ ಬಟ್ಟೆಯ ತುದಿಯನ್ನು ಚೀಪುತ್ತಿದ್ದರು.

ಅವನು ಬಾವಿಯ ಹತ್ತಿರ ಹೋಗಿ ತಂಬಿಗೆ ತುಂಬಿಕೊಂಡು ಬಂದ. ಕಲ್ಲರಸ ಬಾಗಿಲಿಗೆ ಅಡ್ಡ ನಿಂತ.

"ಗುರುವಿನ ಮಾತು ಮೀರ್ತಿದ್ದೀಯ."

"ಮಾತನ್ನು ಮೀರ್ತಿದ್ದೀನಿ, ಗುರುವನ್ನಲ್ಲ. ದಾರಿ ಬಿಡಿ."

ಬಿಡಲಿಲ್ಲ. ಬೊಮ್ಮಣ್ಣ ಹೆಗಲು ಕೊಟ್ಟು ತಳ್ಳಿಕೊಂಡೇ ಒಳಗೆ ಹೋದ.

ಹಾಸಿಗೆಯ ಪಕ್ಕದಲ್ಲಿ ಕೂತ. ಸಭೆಯಲ್ಲಿ ಉತ್ತರ ಹೊಳೆಯದಿದ್ದ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ನೀರು ನಿಜಕ್ಕೂ ಜ್ವರದ ಮೇವೇ ಆಗಿದ್ದರೆ? ತಂದೆಯಂಥ ಗುರುವನ್ನು ತನ್ನ ಕೈಯಾರೆ ಕೊಂದಂತಾಗುತ್ತದೆ. ಅವನಿಗೆ ಭಯವಾಯಿತು. ಭಯಪಟ್ಟುಕೊಂಡೇ ಗುರುಗಳ ತಲೆ ಎತ್ತಿ ಹಿಡಿದು ಕುಡಿಸಿದ.

ಅಂದಿನಿಂದ ಜ್ವರ ಬಿಡುವ ತನಕ ಅವನು ಅಲ್ಲಿಂದ ಕದಲಲಿಲ್ಲ.

ಮಲ್ಲಿದೇವರು ಎದ್ದು ಓಡಾಡುವಂತಾದ ಮೇಲೆ ಮತ್ತೆ ಸಭೆ ಸೇರಿತು. ಬೊಮ್ಮಣ್ಣ ಈ ಸಲ ಎದೆಯುಬ್ಬಿಸಿ ನಿಂತಿದ್ದ.

"ಗುರುಗಳೇ, ಇನ್ನಾದರೂ ಆ ಮಾತನ್ನು ಗ್ರಂಥದಿಂದ ತೆಗೆಸಿ."

"ಯಾಕೆ ತೆಗೆಸಲಿ?"

"ತಾವು ನೀರು ಕುಡಿದಿರಿ. ಉಳಿದಿರಿ."

"ಒಬ್ಬ ಮುದುಕ ಕುಡಿದು ಉಳಿದ, ಅಷ್ಟೇ. ಕುಡಿಯದಿದ್ದರೂ ಉಳೀತಿದ್ದನೋ ಏನೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಏನು ಪ್ರಮಾಣಿಸಿದೆ?"

ಬೊಮ್ಮಣ್ಣನ ಮುಖ ಇಳಿದುಹೋಯಿತು. ಮರುಗಳಿಗೆಯೇ ಸಿಟ್ಟು ಬಂತು.

"ಹಾಗಾದರೆ ನನ್ನನ್ನು ಚಾವಡಿಗೆ ಬಿಡಿ. ದಿಕ್ಕಿದ್ದವರು, ಇಲ್ಲದವರು ಅಂತ ನೋಡದೆ, ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ನೀರು ಕೊಡ್ತೀನಿ. ಗಂಜಿ, ಆರೈಕೆ ಎಲ್ಲರಿಗೂ ಒಂದೇ. ಯಾರು ಏಳ್ತಾರೆ, ಯಾರು ಹೋಗ್ತಾರೆ, ಕಣ್ಣೆದುರಿಗೇ ಕಾಣುತ್ತೆ. ನೀರಿಂದ ಬದುಕ್ತಾರೆ ಅಂತ ಗೊತ್ತಾದ ದಿನವೇ ಎಲ್ಲರಿಗೂ ಕೊಡ್ತೀನಿ. ಆಗ ತಮ್ಮ ಅಪ್ಪಣೆ ಕೇಳೋದಿಲ್ಲ."

"ನನ್ನ ಮಾತೇ ಸರಿ ಅಂತ ಕಂಡರೆ?"

ಬೊಮ್ಮಣ್ಣನಿಗೆ ನೇಕಾರರ ಆ ಹೆಂಗಸು ನೆನಪಾದಳು. ಹಾಗೆ ಕಾಣುವುದು ಅವನಿಗೆ ಬೇಕಿರಲಿಲ್ಲ.

"ಇದೇ ಸಭೆಯಲ್ಲಿ, ಇದೇ ಜಾಗದಲ್ಲಿ ನಿಂತು ನಾನು ತಪ್ಪಿದೆ ಅಂತೀನಿ," ಎಂದ.

"ನಾಳೆಯಿಂದ ಚಾವಡಿ ನಿನ್ನದು. ಮಧ್ಯೆ ಮಧ್ಯೆ ಬಂದು ನಿನ್ನ ಲೆಕ್ಕದಲ್ಲಿ ಹುಳುಕು ಹುಡುಕ್ತೀನಿ. ದಾಕ್ಷಿಣ್ಯ ಇಟ್ಟುಕೋಬೇಡ. ನಾನೂ ಇಟ್ಟುಕೊಳ್ಳೋದಿಲ್ಲ."

ಕಲ್ಲರಸನಿಗೆ ಇದೆಲ್ಲ ಸರಿಬರಲಿಲ್ಲ. ಅವನು ತಾಳೆಗರಿಯ ಕಟ್ಟನ್ನು ಎದೆಗೊತ್ತಿ ಹಿಡಿದುಕೊಂಡು ಮುಂದೆ ಬಂದ.

"ಗುರುಗಳೇ, ಗ್ರಂಥದ ಗತಿ? ಇವನೊಬ್ಬನಿಗಾಗಿ ನಿಲ್ಲಿಸೋದೇ? ಉಳಿದವರೆಲ್ಲ ಒಪ್ಪಿದ್ದಾರೆ."

ಮಲ್ಲಿದೇವರು ಅವನ ಕೈಯಿಂದ ಕಟ್ಟನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು.

"ನಿಲ್ಲಲಿ ಬಿಡು, ಕಲ್ಲರಸ. ನಾನು ನೀರು ಕೇಳಿದಾಗ ಒಪ್ಪಿದವರೆಲ್ಲ ಬಾಗಿಲಲ್ಲೇ ನಿಂತಿದ್ದಿರಿ."